ಒಂದು ಚಮಚ ಕರೆಂಟು

ಗದಿಗೆಪ್ಪ ಕಾಕಾನ ಹತ್ತಿರ ಕರೆಂಟು ಬಿಲ್ಲು ಇರಲಿಲ್ಲ. ಆದ್ದರಿಂದ ಅವನಿಗೆ ಕರೆಂಟೂ ಇರಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ಫ್ರಾನ್ಸಿನ ಆ ಹಳ್ಳಿಯಲ್ಲಿ ಮನೆಗೆ ಕರೆಂಟು ಬೇಕೆಂದರೆ ಬ್ಯಾಂಕ್ ಖಾತೆ ಬೇಕು ಅಂದರು. ಬ್ಯಾಂಕಿಗೆ ಹೋದರೆ, ನೀವು ಆ ಮನೆಯಲ್ಲಿ ವಾಸವಾಗಿದ್ದೀರಿ ಎನ್ನುವುದಕ್ಕೆ ಪುರಾವೆ ಕೊಡಿ ಅಂದರು. ಪುರಾವೆ ಎಂದರೆ ಏನು? ಕರೆಂಟು ಬಿಲ್ಲು. ನೀರಿನವರೂ ಅದನ್ನೇ ಕೇಳಿದರು. ಟೀವಿಯವರು ಮಾತ್ರ ನೀರಿನ ಬಿಲ್ಲಾದರೂ ನಡೆದೀತು ಎಂದು ದೊಡ್ಡ ಮನಸ್ಸು ಮಾಡಿದರು.

ಹಳ್ಳಿಯ ಹೆಸರು ಬೊನ್ವಾಲ್. ಜನ ಪಟ್ಟಣ ಸೇರಿ ಮನೆಗಳು ಖಾಲಿ ಬಿದ್ದಿದ್ದರಿಂದ ಅಲ್ಲಿಯ ಪಂಚಾಯಿತಿ ಒಂದು ಕಾಫಿಯ ಬೆಲೆಗೆ ಮನೆ ಮಾರಲು ತೆಗೆದಿತ್ತು. ಲಿಯೋನಿನ ಹಾಸ್ಟೆಲ್ಲಿನಲ್ಲಿದ್ದು ಎಂ.ಎಸ್ಸಿ. ಓದುತ್ತಿದ್ದ ನಾನು ಆ ಸುದ್ದಿಯನ್ನು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಎಲ್ಲರೂ ನಕ್ಕರು. ಕಾಕಾ ಮನೆ ಕೊಂಡ.

ಷರತ್ತು ಒಂದೇ. ಮೂರು ತಿಂಗಳೊಳಗೆ ಆ ಮನೆ ‘ಊರಿನ ಉಳಿದ ಮನೆಗಳಿಗೆ ಸಮನಾಗಿ’ ವಾಸಕ್ಕೆ ಯೋಗ್ಯವಾಗಿರಬೇಕು. ದೀಪ, ನೀರು, ಟೀವಿ, ಮೂರೂ ಇರಬೇಕು. ಮೇಯರ್ ಸ್ವತಃ ಬಂದು ನೋಡುತ್ತಾರೆ. ಸರಿಯಿಲ್ಲದಿದ್ದರೆ ಮನೆ ಪಂಚಾಯಿತಿಗೆ ವಾಪಸ್ಸು. ಬಿಲ್ಲಿನಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಬಿಲ್ಲಿಗೆ ಗಾಣದೆತ್ತಿನಂತೆ ಸುತ್ತಿಯೇ ಕಾಕಾ ಹೆಚ್ಚುಕಡಿಮೆ ಮೂರು ತಿಂಗಳು ಕಳೆದಿದ್ದ. ಫ್ರೆಂಚ್ ಬರುತ್ತದೆಂಬ ಒಂದೇ ತಪ್ಪಿಗೆ ನಾನೂ ಜೊತೆಗೆ ಸುತ್ತಿದ್ದೆ. ಈಗ ಉಳಿದಿದ್ದು ಒಂದು ವಾರ. ಮೇಯರ್ ಶನಿವಾರ ಸಂಜೆ ಆರಕ್ಕೆ ಬರುವವರಿದ್ದರು.

ಕಾಕಾ ಅದನ್ನು ‘ರಜೆಯ ಮನೆ’ ಎಂದು ಕರೆಯುತ್ತಿದ್ದ. ನಮ್ಮೂರು ಬೆಳವಣಿಕಟ್ಟಿಯಲ್ಲಿ ಅವನಿಗೆ ರಜೆಯಿಲ್ಲದ ಮನೆಯೂ ಇರಲಿಲ್ಲ.

“ರಜಾ ಕಳ್ಯಾಕ ಮನಿ ತಗೊಂಡಾರಂತ! ಉಳಿದ ದಿನಾ ಎಲ್ಲಿ ಕಳೀಬೇಕ್ರೀ?” ಎಂದು ನೀಲಾಂಬಿಕಾ ಕಾಕು ಕೇಳಿದ್ದಳು. ಕೇಳುತ್ತಲೇ ಸೂಟ್‌ಕೇಸು ತುಂಬಿದ್ದಳು. ಮದುವೆಯಾದಂದಿನಿಂದ ಅವಳದು ಬಾಡಿಗೆ ಮನೆ. ಒಬ್ಬ ಮಾಲಕ ಗೋಡೆಗೆ ಮೊಳೆ ಹೊಡೆಯಬೇಡಿ ಅಂದ. ಇನ್ನೊಬ್ಬ ನಿಮ್ಮ ಒಗ್ಗರಣೆ ವಾಸನೆ ಮಾಳಿಗೆಗೆ ಬರುತ್ತದೆ ಅಂದ. ಮತ್ತೊಬ್ಬ ಬಾಡಿಗೆ ಒಂದು ದಿನ ತಡವಾದರೆ ನೀರಿನ ವಾಲ್ವು ತಿರುವುತ್ತಿದ್ದ. ಬೊನ್ವಾಲಿಗೆ ಬಂದ ದಿನವೇ ಕಾಕು ಸೀರೆಯಲ್ಲಿ ಸುತ್ತಿ ತಂದ ಕಟ್ಟಿಗೆಯ ಫಲಕವೊಂದನ್ನು ತೆಗೆದು ಬಾಗಿಲ ಪಕ್ಕ ಹೊಡೆದಳು. ‘ನೀಲಾಂಬಿಕಾ ನಿಲಯ’. ಎರಡು ಮೊಳೆ ಸಾಕಿತ್ತು. ಅವಳು ಒಂಬತ್ತು ಹೊಡೆದಳು.

“ಶನಿವಾರ ಈ ಮನಿ ಹೋತಂದ್ರ,” ಎಂದಳು ಕಾಕು, “ನಿಮ್ಮ ಜೋಡಿ ಇನ್ನೊಂದು ಬಾಡಗಿ ಮನಿ ಹೊಸ್ತಿಲಾ ನಾ ದಾಟಂಗಿಲ್ಲ. ಸೀದಾ ನಮ್ಮಕ್ಕನ ಮನಿಗೆ ಹೊಕ್ಕೀನಿ. ಕಡೀ ಮಾತು.”

“ಯಾರೂ ಎಲ್ಲೀಗೂ ಹೋಗೂದಿಲ್ಲ!” ಅಂದ ಕಾಕಾ. “ಯಂತ್ರ ತಯಾರಾಗೇತಿ!”

ಅವನ ಯಂತ್ರಗಳನ್ನು ನಾನು ಮೊದಲೂ ಕಂಡಿದ್ದೆ. ಕಾಕಾ ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅವನ ರೊಟ್ಟಿ ಬಡಿಯುವ ಯಂತ್ರ ರೊಟ್ಟಿಯೊಂದನ್ನು ಬಿಟ್ಟು ಅಡುಗೆಮನೆಯಲ್ಲಿದ್ದ ಎಲ್ಲವನ್ನೂ ಬಡಿದಿತ್ತು, ಕಾಕುವಿನ ತಮ್ಮನನ್ನೂ ಸೇರಿಸಿ. ಸೊಳ್ಳೆ ಹೀರುವ ಫ್ಯಾನು ಮೊದಲ ದಿನವೇ ಮೂವರು ಬೀಗರ ಟೋಪಿ ಹೀರಿತ್ತು.

*

ಪ್ರಾತ್ಯಕ್ಷಿಕೆ ಭಾನುವಾರ ಸಂಜೆ ಅಡುಗೆಮನೆಯಲ್ಲಿ ನಡೆಯಿತು. ಕಾಕು ಎಣ್ಣೆದೀಪ ಹಚ್ಚಿಟ್ಟಿದ್ದಳು. ಮೇಜಿನ ಮೇಲೆ ಮೂರು ಸ್ಟೀಲಿನ ಡಬರಿಗಳು. ಅವುಗಳಿಗೆ ಮುಚ್ಚಳ, ಮುಚ್ಚಳದಿಂದ ಹೊರಟ ವೈರುಗಳು, ಒಂದು ರಬ್ಬರ್ ಪೈಪು. ಮೂರನ್ನೂ ಸೇರಿಸಿ ಕಾಕುವಿನ ಹಳೆಯ ಕೌದಿ ಸುತ್ತಿತ್ತು.

“ಕಸ್ತೂರಿ, ನೀ ಭೌತಶಾಸ್ತ್ರ ಓದಾಕತ್ತಿ. ಹೇಳು ನೋಡೂಣು. ಮೊಸರು ಹೆಂಗ ಆಗತೈತಿ?”

“ಹಾಲಿಗೆ ಹೆಪ್ಪು ಹಾಕಿದ್ರ ಆಗತೈತಿ, ಕಾಕಾ. ಅದು ಭೌತಶಾಸ್ತ್ರ ಅಲ್ಲ.”

“ಅದ ಭೌತಶಾಸ್ತ್ರ! ಕೊಳಗಾ ತುಂಬ ಹಾಲಿದ್ರೂ ಹೆಪ್ಪು ಒಂದ ಚಮಚ ಸಾಕು. ಹೌದಿಲ್ಲೋ? ಕರೆಂಟಿಗೂ ಇದ ನ್ಯಾಯ! ಗಾಳ್ಯಾಗ ಹಸೀ ಕರೆಂಟು ತುಂಬಿ ತುಳುಕಾಕತ್ತೇತಿ. ಮೋಡದಾಗ ಐತಿ, ಉಲ್ಲನ್ ಸ್ವೆಟರಿನ್ಯಾಗ ಐತಿ, ಬೆಕ್ಕಿನ ಬೆನ್ನ ಮ್ಯಾಲೆ ಐತಿ. ಆದ್ರ ತೆಳ್ಳಗ, ಹಾಲಿನಂಗ. ಅದಕ್ಕ ಒಂದ ಚಮಚ ಗಟ್ಟಿ ಕರೆಂಟು ಹೆಪ್ಪು ಹಾಕಿ ಬೆಚ್ಚಗ ಇಟ್ಟಿವಂದ್ರ ಬೆಳಗಾಗೂದ್ರಾಗ ಮನಿ ತುಂಬ ಕರೆಂಟು!”

“ನೀರು?”

“ಗಾಳ್ಯಾಗ ಆವಿ ಐತಲ್ಲ! ಎರಡನೇ ಡಬರಿ.”

“ಟೀವಿ?”

“ಗಾಳ್ಯಾಗ ಅಲೆ ಅದಾವಲ್ಲ! ಮೂರನೇ ಡಬರಿ. ಬಿಲ್ಲು ಬ್ಯಾಡ, ಬ್ಯಾಂಕು ಬ್ಯಾಡ, ಯಾರಪ್ಪಂದೂ ಹಂಗಿಲ್ಲ!”

ನಾನು ಬಾಯಿ ತೆರೆದೆ. ಕಾಕು ಕಣ್ಣಿನಲ್ಲೇ ಮುಚ್ಚಿಸಿದಳು. ಅವಳಿಗೆ ಭೌತಶಾಸ್ತ್ರ ಬೇಕಾಗಿರಲಿಲ್ಲ. ಮನೆ ಬೇಕಾಗಿತ್ತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಮದಾಂ ಸೊಲಾಂಜ್ ನಿಂತಿದ್ದಳು. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಒಂದು ಕೈಯಲ್ಲಿ ನೀಲಿ ಬಟ್ಟಲು ತುಂಬ ಪ್ಲಮ್ ಹಣ್ಣಿನ ಜಾಮು, ಇನ್ನೊಂದರಲ್ಲಿ ತನ್ನ ಮನೆಯಿಂದ ಎಳೆದು ತಂದ ಉದ್ದನೆಯ ವೈರು.

“ನಿಮಗೆ ಬಿಲ್ಲು ಸಿಗುವ ತನಕ ನನ್ನ ಮನೆಯಿಂದ ಕರೆಂಟು ತಗೊಳ್ಳಿ,” ಅಂದಳು. ನಾನು ಅನುವಾದಿಸಿದೆ.

“ನೋಡು, ಹೆಪ್ಪು ತಾನ ಮನೀಗೆ ಬಂತು!” ಎಂದು ಕಾಕಾ ಚಮಚ ಹಿಡಿದು ಎದ್ದ.

“ಕುಂದ್ರ್ರಿ ಸುಮ್ಮ!” ಅಂದಳು ಕಾಕು. “ದೀಪಾ ಹಚ್ಚೇತಿ, ಕಾಣಸವಲ್ದೇನು? ದೀಪಾ ಹಚ್ಚಿದ ಮ್ಯಾಲೆ ಹೆಪ್ಪು ಇಸಗೊಳ್ಳೂದಿಲ್ಲ, ಕೊಡೂದೂ ಇಲ್ಲ. ಕೊಟ್ಟವ್ರ ಮನೀದು ಸಿರಿ ಹೋಗತೈತಿ. ಪಾಪ, ಒಂಟಿ ಹೆಂಗಸು.”

“ಅದು ಮೊಸರಿಂದು, ಕಾಕು. ಇದು ಕರೆಂಟು.”

“ಹೆಪ್ಪು ಅಂದಾರಲ್ಲ ನಿಮ್ಮ ಕಾಕಾ? ಹೆಪ್ಪು ಅಂದ್ರ ಹೆಪ್ಪ.”

ಮದಾಂಗೆ ಹೇಗೆ ಹೇಳುವುದು? ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಕರೆಂಟು ಸಾಲ ತೆಗೆದುಕೊಳ್ಳುವುದಿಲ್ಲ ಎಂದೆ. ಅವಳು ಬಹಳ ಗೌರವದಿಂದ ತಲೆಯಾಡಿಸಿ, ಬಟ್ಟಲು ಕೊಟ್ಟು, ವೈರು ಸುತ್ತಿಕೊಂಡು ಹೋದಳು.

“ಈಗ ಹೆಪ್ಪಿಗೆ ಏನ ಮಾಡ್ತಿ, ಕಾಕಾ?”

ಕಾಕಾ ನಕ್ಕ. ಸೂಟ್‌ಕೇಸಿನ ತಳದಿಂದ ಮೂರು ಪುಟ್ಟ ಸ್ಟೀಲ್ ಡಬ್ಬಿ ತೆಗೆದ. ವಿಮಾನ ನಿಲ್ದಾಣಕ್ಕೆ ಹೋಗುವಾಗ ಪಾಸ್‌ಪೋರ್ಟು ಮರೆತಿದ್ದ ಮನುಷ್ಯ ಇದನ್ನು ಮರೆತಿರಲಿಲ್ಲ. ಒಂದರಲ್ಲಿ ಬೆಳವಣಿಕಟ್ಟಿಯ ಕರೆಂಟು, ಒಂದರಲ್ಲಿ ಬೆಳವಣಿಕಟ್ಟಿಯ ನಲ್ಲಿ ನೀರು, ಒಂದರಲ್ಲಿ ಅಲ್ಲಿಯ ಕೇಬಲ್ ಟೀವಿ.

“ಹೊರಡೂ ಮುಂದ ಊರಾಗಿನ ದೊಡ್ಡ ಟ್ರಾನ್ಸ್‌ಫಾರ್ಮರಿನ ತಳದಾಗಿಂದ, ನೀರಿನ ಟಾಕಿ ತಳದಾಗಿಂದ ಕೆರೆದು ತಂದೀನಿ. ಒಂದು ಹನಿ ಬಿಟ್ಟಿಲ್ಲ!”

“ಇದು ಛಲೋ ಆತು,” ಅಂದಳು ಕಾಕು. “ಮಂದಿ ಹೆಪ್ಪು ಹೆಂಗಿರತೈತೋ ಏನೋ. ನಮ್ಮೂರಿಂದ ಖಾತ್ರಿ.”

ಡಬರಿಗೊಂದು ಚಮಚ ಬಿತ್ತು. ಕಾಕು ಕೌದಿಯನ್ನು ಬಿಗಿಯಾಗಿ ಸುತ್ತಿದಳು. ಯಾರೂ ಅಲುಗಾಡಿಸಬೇಡಿ ಎಂದು ಎಚ್ಚರಿಸಿ ನಮ್ಮನ್ನು ಮಲಗಲು ಕಳಿಸಿದಳು.

*

ಬೆಳಿಗ್ಗೆ ಕಾಕಾನ ಕೂಗಿಗೆ ಎಚ್ಚರವಾಯಿತು.

“ಹೆಪ್ಪು ಹತ್ತೇತಿ! ಹೆಪ್ಪು ಹತ್ತೇತಿ!”

ಬಲ್ಬು ಉರಿಯುತ್ತಿತ್ತು. ನನ್ನ ಭೌತಶಾಸ್ತ್ರಕ್ಕೆ ಅವಮಾನವಾಯಿತು, ಆದರೆ ಉರಿಯುತ್ತಿದ್ದುದು ನಿಜ. ಹಣ್ಣಾದ ನಿಂಬೆಯ ಹಾಗೆ ಹಳದಿಯಾಗಿ, ನಡುನಡುವೆ ಬಿಕ್ಕಳಿಸುತ್ತ ಉರಿಯುತ್ತಿತ್ತು. ಫ್ಯಾನು ಹಾಕಿದರೆ ಒಂದೊಂದು ರೆಕ್ಕೆಯನ್ನೂ ಎಣಿಸಬಹುದಿತ್ತು. ನಲ್ಲಿ ತಿರುವಿದೆವು. ಮೊದಲು ಬುಸ್ಸೆಂದು ಗಾಳಿ, ಆಮೇಲೆ ಕೆಂಪು ನೀರು ಒಂದು ಗುಟುಕು, ಆಮೇಲೆ ಧಾರೆಯಾಗಿ ನೀರು. ಕಾಕು ಕೈಯೊಡ್ಡಿ ಮೂಸಿ ನೋಡಿದಳು.

“ನಮ್ಮೂರ ನೀರ,” ಅಂದಳು. “ಬ್ಲೀಚಿಂಗ್ ಪೌಡರ್ ವಾಸನಿ ನೋಡು.”

ಟೀವಿಯಲ್ಲಿ ಬೆಳವಣಿಕಟ್ಟಿಯ ಕೇಬಲ್ಲಿನವನ ಚಾನೆಲ್ಲು ಬಂತು. ಸ್ವಾಮಿಗಳೊಬ್ಬರ ಪ್ರವಚನ, ಮದುವೆ ಜವಳಿಯ ಜಾಹೀರಾತು, ಕೆಳಗೆ ಓಡುವ ಸಾಲು: ‘ಎಮ್ಮೆ ಕಳೆದಿದೆ. ಬಲಗೊಂಬು ಮುರಿದಿದೆ. ಸಿಕ್ಕವರು ಹಳೇ ಸಂತೆ ಓಣಿಗೆ ತಿಳಿಸಿರಿ.’

ಕಾಕಾ ಎದೆ ಉಬ್ಬಿಸಿ ನಿಂತ. “ಈಗ ಬರಲಿ ಮೇಯರ್! ಈಗ ಬರಲಿ!”

ಮೇಯರ್ ಬರಲಿಲ್ಲ. ಹತ್ತು ಗಂಟೆಯಾಯಿತು. ಕರೆಂಟು ಹೋಯಿತು.

ಕಾಕಾ ಡಬರಿಯ ಕಡೆ ಓಡಿದ. ವೈರು ಎಳೆದ, ಮುಚ್ಚಳ ತಟ್ಟಿದ, ಕೌದಿಯೊಳಗೆ ತಲೆ ಹಾಕಿದ. ಕಾಕು ಮಾತ್ರ ಗಡಿಯಾರ ನೋಡಿದಳು.

“ಏನೂ ಕೆಟ್ಟಿಲ್ಲ, ಹೊರಗ ಬರ್ರಿ. ಹತ್ತು ಬಡೀತು. ನಮ್ಮೂರಾಗ ಕರೆಂಟು ಹೋಗೂ ಹೊತ್ತು.”

“ಅಂದ್ರ?”

“ಅಂದ್ರ ಹನ್ನೆರಡಕ್ಕ ಬರತೈತಿ.”

ಹನ್ನೆರಡಕ್ಕೆ ಬಂತು. ಎರಡಕ್ಕೆ ಮತ್ತೆ ಹೋಯಿತು. ನಾಲ್ಕಕ್ಕೆ ಬಂತು. ಆಗ ನನಗೆ ಹೊಳೆಯಿತು. ಹೆಪ್ಪು ಹೇಗೋ ಮೊಸರೂ ಹಾಗೆ. ಕಾಕಾ ಬೆಳವಣಿಕಟ್ಟಿಯ ಕರೆಂಟನ್ನಷ್ಟೇ ತಂದಿರಲಿಲ್ಲ. ಅದು ಹೋಗುವುದನ್ನೂ ತಂದಿದ್ದ.

“ಕಾಕು, ನಮ್ಮೂರಾಗ ಸಂಜೀ ಆರಕ್ಕ ಏನ ಆಗತೈತಿ?”

“ಆರಕ್ಕ ಹೋಗತೈತಿ. ಎಂಟಕ್ಕ ಬರತೈತಿ,” ಅಂದವಳು ಅಲ್ಲೇ ನಿಂತಳು. “ಅಯ್ಯ ಶಿವನ! ಮೇಯರ್ ಬರೂದು ಆರಕ್ಕಲ್ಲ!”

“ಮತ್ತ ನೀರು?” ಎಂದೆ.

ಕಾಕು ನಲ್ಲಿಯ ಕಡೆ ಓಡಿದಳು. ಬೆಳವಣಿಕಟ್ಟಿಯಲ್ಲಿ ನೀರು ಬರುವುದು ಸೋಮವಾರ ಮಾತ್ರ. ಅಂದು ಸೋಮವಾರ. ಕಾಕು ಸಂಜೆಯೊಳಗೆ ಬಕೆಟ್ಟು, ಹಂಡೆ, ಪಾತ್ರೆ, ಸ್ನಾನದ ತೊಟ್ಟಿ, ಹೂದಾನಿ, ಹಿಂದಿನ ಮಾಲಕ ಅಟ್ಟದಲ್ಲಿ ಬಿಟ್ಟುಹೋದ ವೈನ್ ಬಾಟಲಿಗಳು, ಎಲ್ಲವನ್ನೂ ತುಂಬಿಸಿ ಮುಚ್ಚಳ ಹಾಕಿದಳು. ಕಾಕಾನ ಟೋಪಿಯ ಕಡೆಗೂ ಒಮ್ಮೆ ನೋಡಿದಳು. ಕೊನೆಯ ಬಾಟಲಿ ತುಂಬುತ್ತಿದ್ದಂತೆ ನಲ್ಲಿ ಕೆಮ್ಮಿ ನಿಂತಿತು.

“ಹುಳಿ ಹೆಪ್ಪು ಹಾಕಿ ಸೀ ಮೊಸರು ಬರತೈತಿ ಅನಕೊಂಡಿದ್ರೇನು?” ಎಂದು ಕಾಕಾನನ್ನು ಹಿಡಿದುಕೊಂಡಳು.

“ನಮ್ಮೂರಿಂದ ಖಾತ್ರಿ ಅಂದಾಕಿ ಯಾರು? ಆಕೀ ವೈರು ಇಸಗೊಳ್ಳಾಕ ಬಿಟ್ಟಿ ಏನು ನೀ? ದೀಪಾ ಹಚ್ಚೇತಿ, ಸಿರಿ ಹೋಗತೈತಿ!”

“ಹಗಲೊತ್ತಿನ್ಯಾಗ ಯಂತ್ರ ಮಾಡಿದ್ರ ಹಗಲೊತ್ತಿನ್ಯಾಗ ಇಸಗೊಂತಿದ್ದೆ!”

“ಆತು! ನಾಳೆ ಹಗಲೊತ್ತಿನ್ಯಾಗ ಮದಾಂ ಮನಿಂದ ಒಂದ ಚಮಚ ಸೀ ಕರೆಂಟು ಇಸಗೊಂಬರ್ತೀನಿ. ಇದನ್ನ ಚೆಲ್ಲಿ ಹೊಸಾದು ಹೆಪ್ಪು ಹಾಕೂದು. ಮುಗೀತಲ್ಲ? ಜಗಳ ಯಾಕ?”

ಮುಗಿಯಬೇಕಾಗಿತ್ತು. ಆದರೆ ಅಡುಗೆಮನೆಯಲ್ಲಿ ಆ ನೀಲಿ ಬಟ್ಟಲಿತ್ತು.

*

ಮಂಗಳವಾರ ಮಧ್ಯಾಹ್ನ ಕಾಕಾ ಚಮಚ ತೊಳೆದುಕೊಂಡು ಹೊರಟಾಗ ಕಾಕು ಅಡ್ಡ ಬಂದಳು.

“ನಾ ಬೆಳಿಗ್ಗೆನ ಆಕಿ ಮನೀಗೆ ಹೋಗಿ ಬಂದೆ. ಬಟ್ಟಲಾ ತಿರುಗಿ ಕೊಡಾಕ.”

“ಛಲೋ ಆತು. ಕರೆಂಟು ಕೇಳಿದೇನು?”

“ಬರೇ ಬಟ್ಟಲಾ ಹೆಂಗ ಕೊಡೂದ್ರೀ? ನೆರಮನ್ಯಾಕಿ ಬಟ್ಟಲ ತುಂಬ ಜಾಮು ಕೊಟ್ಟಾಳ. ಸಕ್ಕರಿ ತೀರೇತಿ, ರವಾ ತೀರೇತಿ. ಉಪ್ಪು ಕೊಡಬಾರದು. ಮನ್ಯಾಗ ಸಾಕಷ್ಟು ಇದ್ದದ್ದು ಒಂದ.”

ಕಾಕಾನ ಕೈಯಿಂದ ಚಮಚ ಬಿತ್ತು.

“ಹೆಪ್ಪು ಕೊಟ್ಟೇನು?”

“ಮೂರರಾಗಿಂದೂ ಒಂದೊಂದ ಚಮಚ ಹಾಕಿ ಕೊಟ್ಟೆ. ಆಕಿ ಭಾಳ ಖುಷಿ ಆದ್ಲು. ಒಯ್ದು ಮೀಟರಿನ ಡಬ್ಬಿ ಮ್ಯಾಲ ಇಟ್ಲು.”

ನಾವಿಬ್ಬರೂ ಓಡಿದೆವು. ಮದಾಂ ಸೊಲಾಂಜಳ ಮನೆಯ ದೀಪ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವಳು ಟೀವಿಯೆದುರು ಕುರ್ಚಿ ಎಳೆದುಕೊಂಡು ಕೂತಿದ್ದಳು. ತೆರೆಯ ಮೇಲೆ ನಮ್ಮ ಧಾರಾವಾಹಿಯ ಅತ್ತೆ ಸೊಸೆಯತ್ತ ತಿರುಗಿದಳು. ಸಿಡಿಲು ಹೊಡೆಯಿತು. ಮತ್ತೊಮ್ಮೆ ತಿರುಗಿದಳು. ಸಿಡಿಲು. ಮಗದೊಮ್ಮೆ ತಿರುಗಿದಳು. ಸಿಡಿಲು.

“ಈಕೆ ಯಾಕೆ ಒಂದೇ ಕಡೆಗೆ ಮೂರು ಸಲ ತಿರುಗುತ್ತಾಳೆ?” ಎಂದು ಮದಾಂ ನನ್ನನ್ನು ಕೇಳಿದಳು.

“ಅವಳಿಗೆ ಸಿಟ್ಟು ಬಂದಿದೆ.”

“ಅದು ಮೊದಲ ಸಲವೇ ಗೊತ್ತಾಯಿತು. ಶ್! ಮುಂದೇನಾಗುತ್ತದೋ ನೋಡೋಣ. ಅಂದಹಾಗೆ, ಕೆಳಗೆ ಓಡುತ್ತಿರುವ ಸಾಲು ಏನು?”

“ಎಮ್ಮೆ ಕಳೆದಿದೆ.”

“ಅಯ್ಯೋ ಪಾಪ,” ಎಂದಳು ಮದಾಂ.

ಎರಡು ಗಂಟೆ ಬಡಿಯಿತು. ಕರೆಂಟು ಹೋಯಿತು. ಹೊರಗೆ ಬಂದು ನೋಡಿದರೆ ಬೀದಿಯ ಆಚೆ ಬದಿಯ ಬ್ರೆಡ್ಡಿನ ಅಂಗಡಿಯವನೂ ಹೊರಗೆ ಬಂದು ತನ್ನ ಅಂಗಡಿಯ ಬೋರ್ಡು ನೋಡುತ್ತಿದ್ದ. ಅವನ ಆಚೆಯವರೂ ಬಂದರು. ಮೊಸರಾದರೆ ಪಾತ್ರೆಯ ಅಂಚಿಗೆ ನಿಲ್ಲುತ್ತದೆ. ತಂತಿಗೆ ಅಂಚಿಲ್ಲ.

ಕಾಕಾ ಚಮಚ ಹಿಡಿದು ಇಡೀ ಬೊನ್ವಾಲ್ ತಿರುಗಿದ. ಪೋಸ್ಟ್ ಆಫೀಸು, ಚರ್ಚು, ಗುಡ್ಡದ ತುದಿಯ ಕುರಿಯ ಫಾರಮ್ಮು. ಎಲ್ಲ ಕಡೆ ಒಂದೊಂದು ಚಮಚ ರುಚಿ ನೋಡಿದ. ಸಂಜೆ ಸೋತು ಬಂದು ಕೂತ.

“ಊರ ತುಂಬ ನಮ್ಮದ ಐತಿ, ಕಸ್ತೂ. ಸೀ ಕರೆಂಟು ಒಂದು ಹನಿ ಉಳಿದಿಲ್ಲ.”

*

ಗುರುವಾರದ ಹೊತ್ತಿಗೆ ಊರ ಪಂಪುಹೌಸಿನ ನೀರಿಗೂ ಹೆಪ್ಪು ಹತ್ತಿತ್ತು. ಎಲ್ಲ ನಲ್ಲಿಗಳೂ ಬುಸ್ಸೆಂದು ಸುಮ್ಮನಾದವು. ಚೌಕದಲ್ಲಿ ಒಂದು ಹಳೆಯ ಕಲ್ಲಿನ ಕಾರಂಜಿಯಿತ್ತು. ಅದು ಬೆಟ್ಟದ ಸೆಲೆಯದು, ಕೊಳವೆಗೆ ಸೇರಿದ್ದಲ್ಲ. ಬೆರಳ ಗಾತ್ರ ನೀರು ಬರುತ್ತಿತ್ತು. ಇಡೀ ಊರು ಅಲ್ಲಿ ನಿಂತಿತು.

ಆ ಜನಕ್ಕೆ ನೀರಿಗೆ ನಿಂತು ಗೊತ್ತಿಲ್ಲ. ಪೋಸ್ಟ್ ಮಾಸ್ತರನ ಹೆಂಡತಿ ಬ್ರೆಡ್ಡಿನವನ ಬಕೆಟ್ಟನ್ನು ಕಾಲಿನಿಂದ ಸರಿಸಿದಳು. ಅವನು ಅವಳ ಅಜ್ಜನ ಬಗ್ಗೆ ಏನೋ ಅಂದ. ನಾನು ಅನುವಾದಿಸಲಿಲ್ಲ. ಕಾಕುವಿಗೆ ಅನುವಾದ ಬೇಕಾಗಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ನಡುವೆ ನುಗ್ಗಿದಳು.

“ಏ ತಮ್ಮಾ, ಹಿಂದ ಸರಿ! ಯವ್ವಾ, ನಿಂದು ಬಕೆಟ್ಟು ಇಲ್ಲಿ ಇಡು. ನಿಂತು ಕಾಲು ಯಾಕ ನೋಯಿಸ್ಕೊಂತೀರಿ? ಕೊಡಾ ಸಾಲಿಗೆ ಇಡ್ರಿ, ಮನೀಗೆ ಹೋಗ್ರಿ. ಕೊಡಾ ಇಲ್ದವ್ರು ಕಲ್ಲಿಡ್ರಿ. ಕಸ್ತೂರಿ, ಹೇಳು ಇವ್ರಿಗೆ!”

ಹೇಳಿದೆ. ನಿಮ್ಮ ಬದಲಿಗೆ ನಿಮ್ಮ ಪಾತ್ರೆ ಸಾಲಿನಲ್ಲಿ ನಿಲ್ಲಬಹುದು ಎಂಬ ವಿಚಾರ ಅವರನ್ನು ಬೆರಗುಗೊಳಿಸಿತು. ಒಂದು ಗಳಿಗೆಯಲ್ಲಿ ಚೌಕದಲ್ಲಿ ಮನುಷ್ಯರು ಖಾಲಿ. ಬಕೆಟ್ಟು, ಕೆಟಲು, ಸೂಪಿನ ಪಾತ್ರೆ ಮತ್ತು ಕಲ್ಲುಗಳ ಉದ್ದ ಸಾಲು ಮಾತ್ರ ಚರ್ಚಿನವರೆಗೆ ನಿಂತಿತ್ತು. ಪಾದ್ರಿಯವರದು ಸಣ್ಣ ಕಲ್ಲು. ಅದನ್ನು ಯಾರೋ ಹಿಂದೆ ಸರಿಸಿದರೆಂದು ಅವರು ಕಾಕುವಿನ ಹತ್ತಿರ ದೂರು ತಂದರು.

ಮನೆಗೆ ಬಂದ ಮೇಲೆ ಅವಳು ಗೋಡೆಗೊರಗಿ ಕೂತಳು.

“ಶನಿವಾರ ಈ ಮನಿ ಹೋಗತೈತಿ, ಹೌದಿಲ್ಲ?” ಎಂದಳು.

ನಾನು ಸುಳ್ಳು ಹೇಳುವವಳಲ್ಲ. “ಹೋಗತೈತಿ, ಕಾಕು,” ಎಂದೆ.

ಅವಳು ಎದ್ದು, ಮೊಳೆ ಕೀಳುವ ಇಕ್ಕಳ ಎಲ್ಲಿದೆಯೆಂದು ಹುಡುಕಿ ತಂದು ಬಾಗಿಲ ಪಕ್ಕ ಇಟ್ಟಳು. ಕಾಕಾ ಅದನ್ನು ನೋಡಿ, ಎದ್ದು ಹೋಗಿ ಡಬರಿಗಳ ಕೌದಿಯನ್ನು ಇನ್ನಷ್ಟು ಬಿಗಿದು ಕಟ್ಟಿದ.

*

ಶನಿವಾರ ಆರು ಗಂಟೆಗೆ ಮೇಯರ್ ತ್ರೂಶೋ ಬಾಗಿಲು ಬಡಿದರು. ಕಾಕಾ ಬಾಗಿಲು ತೆಗೆದ. ಅದೇ ಕ್ಷಣಕ್ಕೆ ಕರೆಂಟು ಹೋಯಿತು.

ಮೇಯರ್ ದಪ್ಪನೆಯ ಮನುಷ್ಯ. ಅವರ ಗಡ್ಡ ಒಂದು ಕಡೆ ಬೋಳಿಸಿತ್ತು, ಇನ್ನೊಂದು ಕಡೆ ಹಾಗೇ ಇತ್ತು. ಎರಡು ಗಂಟೆಗೆ ಹೋದ ಕರೆಂಟು ನಾಲ್ಕಕ್ಕೆ ಬರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅರ್ಧಕ್ಕೇ ನಿಂತ ಶೇವಿಂಗ್ ಯಂತ್ರವನ್ನು, ಇನ್ನು ಬರುವುದೇ ಇಲ್ಲವೆಂದು, ಪೆಟ್ಟಿಗೆಗೆ ಹಾಕಿಬಿಟ್ಟಿದ್ದರಂತೆ. ಕೈಯಲ್ಲಿ ಒಂದು ಮೇಣದಬತ್ತಿ. ಬೆಂಕಿಪೊಟ್ಟಣ ಮರೆತು ಬಂದಿದ್ದರು.

“ನಾನು ನಿಯಮದ ಪ್ರಕಾರ ನೋಡಬೇಕು,” ಎಂದರು ಕತ್ತಲಲ್ಲಿ ನಿಂತು. “ದೀಪ?”

ಕಾಕು ಎಣ್ಣೆದೀಪ ಹಚ್ಚಿದಳು. ಒಂದಲ್ಲ. ಕಿಟಕಿಗೊಂದು, ಮೆಟ್ಟಿಲಿಗೊಂದು. ಬೆಳಿಗ್ಗೆಯೇ ಬತ್ತಿ ಹೊಸೆದಿಟ್ಟಿದ್ದಳು. ಮೇಯರ್ ಕಿಟಕಿಯಿಂದ ಹೊರಗೆ ನೋಡಿದರು. ಇಡೀ ಬೊನ್ವಾಲ್ ಕಗ್ಗತ್ತಲು.

“ನೀರು?” ಎಂದರು, ಸ್ವಲ್ಪ ಮೆತ್ತಗೆ.

ಕಾಕು ಒಂದೊಂದೇ ಮುಚ್ಚಳ ತೆಗೆದು ತೋರಿಸಿದಳು. ಹಂಡೆ, ತೊಟ್ಟಿ, ಬಾಟಲಿಗಳ ಸಾಲು. ಮೇಯರ್ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರು.

“ನನ್ನ ಹೆಂಡತಿ ಬುಧವಾರದಿಂದ ತಲೆಗೆ ನೀರು ಹಾಕಿಲ್ಲ,” ಎಂದರು ನನ್ನ ಕಡೆ ತಿರುಗಿ. “ಮಾತೂ ಆಡಿಲ್ಲ.”

ನಾನು ಅನುವಾದಿಸಿದೆ. ಕಾಕು ಎರಡು ಬಕೆಟ್ಟು ತುಂಬಿಸಿ ಅವರ ಕಾಲ ಬಳಿ ಇಟ್ಟಳು. “ಸೋಮವಾರ ಬರತೈತಿ ಅಂತ ಹೇಳು. ಬೆಳಗ್ಗೆ ಐದಕ್ಕ ಎದ್ದು ನಲ್ಲಿ ಬಿಡಬೇಕು. ಮೊದಲನೇ ನೀರು ಕೆಂಪ ಬರತೈತಿ, ಚೆಲ್ಲಬೇಕು.”

“ಇವರಿಗೆ ಹೇಗೆ ಗೊತ್ತು?” ಎಂದು ಮೇಯರ್ ಕೇಳಿದರು. “ಕರೆಂಟಿನ ಕಂಪನಿಗೂ ಗೊತ್ತಿಲ್ಲ! ಇವತ್ತು ಮತ್ತೆ ಯಾವಾಗ ಬರುತ್ತದೆ ಎಂದಾದರೂ ಹೇಳುತ್ತಾರಾ?”

“ಎಂಟಕ್ಕ,” ಅಂದಳು ಕಾಕು. “ಕುಂದ್ರ್ರಿ. ಚಾ ಮಾಡ್ತೀನಿ.”

ಮೇಯರ್ ಕೂತರು. ಚಹಾ ಕುಡಿದರು, ಚುರುಮುರಿ ತಿಂದರು. ಕಾಕಾ ಮೂಲೆಯಲ್ಲಿ ಡಬರಿಗಳ ಮೇಲೆ ಕೂತಿದ್ದ, ಯಾರೂ ಕೌದಿ ಬಿಚ್ಚಬಾರದೆಂದು. ಮೇಯರರ ಕೈಗಡಿಯಾರದಲ್ಲಿ ಎಂಟಾಯಿತು. ಬಲ್ಬು ಬಿಕ್ಕಳಿಸಿ ಹೊತ್ತಿಕೊಂಡಿತು. ಟೀವಿಯಲ್ಲಿ ಅತ್ತೆ ಸೊಸೆಯತ್ತ ತಿರುಗಿದಳು. ಮೇಯರ್ ಎದ್ದು ನಿಂತು ಕಾಕುವಿನ ಕೈ ಕುಲುಕಿದರು. ಕಾಕು ನಾಚಿ ಕೈ ಹಿಂದಕ್ಕೆಳೆದು ನಮಸ್ಕಾರ ಮಾಡಿದಳು.

“ಊರಿನ ಉಳಿದ ಮನೆಗಳಿಗೆ ಸಮನಾಗಿರಬೇಕು ಎಂದು ಷರತ್ತು,” ಎಂದರು ಮೇಯರ್. “ಸಮನಾಗಿಲ್ಲ. ಈ ಊರಿನಲ್ಲಿ ವಾಸಕ್ಕೆ ಯೋಗ್ಯವಾಗಿರುವ ಮನೆ ಇದೊಂದೇ.”

ಅಲ್ಲೇ ಸಹಿ ಹಾಕಿದರು. ಎರಡೂ ಬಕೆಟ್ಟು ಎತ್ತಿಕೊಂಡು ಬಾಗಿಲಿಗೆ ಹೋದವರು ತಿರುಗಿ ನನ್ನನ್ನು ಕೇಳಿದರು.

“ಮದಾಂ ಸೊಲಾಂಜ್ ಹೇಳುತ್ತಿದ್ದ ಆ ಎಮ್ಮೆ ಸಿಕ್ಕಿತೇ?”

“ಇನ್ನೂ ಇಲ್ಲ.”

“ಛೆ,” ಎಂದು ಹೋದರು.

ಕಾಕು ಇಕ್ಕಳ ತೆಗೆದು ಒಳಗಿಟ್ಟಳು. ಆಮೇಲೆ ಹತ್ತನೆಯ ಮೊಳೆ ಹೊಡೆದಳು.

*

ಕರೆಂಟು ಕಂಪನಿಯವರು ಪಟ್ಟಣದಿಂದ ಬಂದರು. ಹಗಲಿಗೆ ಹೊಸ ಕರೆಂಟು ಹಾಯಿಸಿದರು. ರಾತ್ರಿ ಕಳೆಯುವುದರೊಳಗೆ ಅದಕ್ಕೂ ಹೆಪ್ಪು ಹತ್ತಿ ಹಳದಿಯಾಯಿತು. ಮೂರು ಸಲ ಹೀಗಾದ ಮೇಲೆ ಅವರು ಕಾಕುವಿನ ಬಾಯಿಂದ ವೇಳಾಪಟ್ಟಿ ಬರೆಸಿಕೊಂಡು, ಅಚ್ಚು ಹಾಕಿಸಿ ಚೌಕದಲ್ಲಿ ಅಂಟಿಸಿ ಹೋದರು. ಹೋಗುವಾಗ ಊರಿನ ಪ್ರತಿ ಮನೆಗೂ ಬಿಲ್ಲು ಕೊಟ್ಟರು, ಕಾಕಾನಿಗೂ. ಬಳಕೆ: ಸೊನ್ನೆ. ಆದರೂ ಬಿಲ್ಲು ಬಿಲ್ಲೇ! ಕಾಕಾ ಇಸ್ತ್ರಿ ಅಂಗಿ ತೊಟ್ಟು ಅದನ್ನು ಹಿಡಿದು ಬ್ಯಾಂಕಿಗೆ ಹೋದ. ಬ್ಯಾಂಕು ಮುಚ್ಚಿತ್ತು. ಕರೆಂಟಿರಲಿಲ್ಲ.

ಅವನು ತಿರುಗಿ ಬರುವಾಗ ನನ್ನ ಅಪ್ಪನ ಫೋನು ಬಂತು.

“ನಿಮ್ಮ ಕಾಕಾ ಹೋಗೂ ಮುಂದ ಏನ ಮಾಡಿ ಹೋದನವಾ?” ಅಪ್ಪನ ದನಿ ನಿದ್ದೆಗೆಟ್ಟಂತಿತ್ತು. “ಅಂವ ಹೋದಾಗಿಂದ ಇಲ್ಲಿ ಒಂದು ಮಿನಿಟೂ ಕರೆಂಟು ಹೋಗವಲ್ದು! ದಿನಾ ನೀರು ಬರಾಕತ್ತಾವ. ಜನಕ್ಕ ಏನ ಮಾಡೂದು ಅಂತ ತಿಳೀವಲ್ದು. ಕರೆಂಟು ಹೋಗೂ ಹೊತ್ತಿಗೆ ಕಟ್ಟಿ ಮ್ಯಾಲೆ ಕೂತು ಮಾತಾಡ್ತಿದ್ವಿ, ಈಗ ಯಾರೂ ಹೊರಗ ಬರವಲ್ರು. ಇನ್ವರ್ಟರಿನ ಅಂಗಡಿ ಎಲ್ಲ ಬಾಗಲಾ ಹಾಕ್ಯಾವ.”

ಒಂದು ಹನಿ ಬಿಡದೆ ಕೆರೆದು ತಂದಿದ್ದೇನೆ ಎಂದು ಕಾಕಾ ಹೇಳಿದ್ದ. ನಿಜ ಹೇಳಿದ್ದ. ಊರಿನ ಹುಳಿಯೆಲ್ಲ ಆ ಡಬ್ಬಿಗಳಲ್ಲಿ ಬಂದಿತ್ತು.

ಕಾಕಾ ಸುದ್ದಿ ಕೇಳಿ ಕುಣಿದಾಡಿದ. “ನೀಲಾ, ಊರಿಗೆ ಹೋಗೂಣು ನಡಿ! ಇಪ್ಪತ್ನಾಲ್ಕು ತಾಸು ಕರೆಂಟು! ದಿನಾ ನೀರು! ಛಲೋ ಬಾಡಗಿ ಮನಿ ನೋಡ್ತೀನಿ!”

“ನೀವು ಹೋಗ್ರಿ,” ಅಂದಳು ಕಾಕು, ಬಕೆಟ್ಟಿಗೆ ಮುಚ್ಚಳ ಹಾಕುತ್ತ. “ನನಗ ನನ್ನ ಮನಿ ಐತಿ.”

ಕಾಕಾ ಹೋಗಲಿಲ್ಲ. ಕರೆಂಟಿಲ್ಲದ ಹೊತ್ತಿನಲ್ಲಿ ಬೊನ್ವಾಲಿನ ಜನ ಈಗ ಕಾಕುವಿನ ಮೆಟ್ಟಿಲ ಮೇಲೆ ಬಂದು ಕೂರುತ್ತಾರೆ. ಮದಾಂ ಸೊಲಾಂಜ್ ಸಂಜೆ ಆರಕ್ಕೆ ಎಲ್ಲರಿಗಿಂತ ಮೊದಲು ಬರುತ್ತಾಳೆ.

ಕಳೆದದ್ದರ ಲೆಕ್ಕ ಇಷ್ಟು. ಬೊನ್ವಾಲ್ ಕಳೆದುಕೊಂಡದ್ದು ದಿನಕ್ಕೆ ಆರು ತಾಸು ಕರೆಂಟು, ವಾರಕ್ಕೆ ಆರು ದಿನದ ನೀರು, ಮತ್ತು ಇದ್ದ ಎಲ್ಲ ಫ್ರೆಂಚ್ ಚಾನೆಲ್ಲುಗಳು. ಬೆಳವಣಿಕಟ್ಟಿ ಕಳೆದುಕೊಂಡದ್ದು ನಾಲ್ಕು ಇನ್ವರ್ಟರ್ ಅಂಗಡಿ. ಕಾಕು ಕಳೆದುಕೊಂಡದ್ದು ಡಬರಿಗಳಿಗೆ ಸುತ್ತಿದ ಒಂದು ಕೌದಿ. ಎಮ್ಮೆ ಮೊದಲೇ ಕಳೆದಿತ್ತು. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.